ಅಗ್ರಹಾರದ ಮೂಲೆಮನೆಯ ಮಿಠಾಯಿ ಅಂಗಡಿ

ಮಂಡ್ಯ ಜಿಲ್ಲೆಗೆ ಸಕ್ಕರೆ ನಾಡೆಂಬ ಹೆಸರು ಬಂದು ಬಹಳ ಕಾಲವಾಯಿತು. ಕನ್ನಂಬಾಡಿ ಕಟ್ಟೆಯ ನೀರು ನಾಲೆಗಳಲ್ಲಿ ಇಳಿದು ಬಂದ ಮೇಲೆ ರಾಗಿ ಬೆಳೆಯುತ್ತಿದ್ದ ಒಣಭೂಮಿ ಕಬ್ಬಿನ ಗದ್ದೆಯಾಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯೂ ಆಯಿತು. ಇಷ್ಟೆಲ್ಲ ಇದ್ದರೂ ಪಾಂಡವಪುರದ ಕಡೆಯ ನಮ್ಮ ಊರಿನಲ್ಲಿ 1980ರ ದಶಕದ ಕೊನೆಯವರೆಗೆ ಒಂದೂ ಮಿಠಾಯಿ ಅಂಗಡಿ ಇರಲಿಲ್ಲ. ಊರ ಸುತ್ತ ಆಲೆಮನೆಗಳಿದ್ದವು, ಕಬ್ಬು ಅರೆಯುವ ಕಾಲದಲ್ಲಿ ಕುದಿಯುವ ಕೊಪ್ಪರಿಗೆಯ ಬೆಲ್ಲದ ಪರಿಮಳ ಶಾಲೆಯ ಒಳಗೂ ಬರುತ್ತಿತ್ತು, ಸಂತೆಯ ದಿನ ಬೆಂಡು, ಬತ್ತಾಸು, ಕಲ್ಯಾಣಸೇವೆ ಮಾರುವವರು ಗೋಣಿತಾಟು ಹಾಸಿ ಕೂರುತ್ತಿದ್ದರು. ಆದರೆ ಬೇಕೆನಿಸಿದ ದಿನ ಹೋಗಿ, ದುಡ್ಡು ಕೊಟ್ಟು, ಕಾಲು ಕಿಲೋ ಸಿಹಿ ಕಟ್ಟಿಸಿಕೊಂಡು ಬರುವ ಜಾಗವೊಂದು ಇರಲಿಲ್ಲ, ಮತ್ತು ಅದು ಇಲ್ಲವೆಂದು ಯಾರಿಗೂ ಅನಿಸಿರಲೂ ಇಲ್ಲ.

ಸಿಹಿಗೆ ನಮ್ಮಲ್ಲಿ ಒಂದು ಕಾರಣ ಬೇಕಾಗಿತ್ತು. ಯುಗಾದಿಗೆ ಒಬ್ಬಟ್ಟು, ದೀಪಾವಳಿಗೆ ಕಜ್ಜಾಯ, ಸಂಕ್ರಾಂತಿಗೆ ಎಳ್ಳುಬೆಲ್ಲ ಮತ್ತು ಸಕ್ಕರೆ ಅಚ್ಚು, ಮಾರಿಹಬ್ಬಕ್ಕೆ ತಂಬಿಟ್ಟು, ಎಮ್ಮೆ ಈದರೆ ಗಿಣ್ಣು. ಕಾರಣದಷ್ಟೇ ಮುಖ್ಯವಾಗಿದ್ದುದು ಅದು ಯಾರ ಕೈಯಿಂದ ಯಾರ ಕೈಗೆ ಹೋಗಬೇಕು ಎಂಬುದು. ಅಗ್ರಹಾರದ ಮನೆಗಳಿಂದ ಒಕ್ಕಲಗೇರಿಗೆ ಒಬ್ಬಟ್ಟು ಹೋಗುತ್ತಿತ್ತು. ಅಲ್ಲಿಂದ ಅಗ್ರಹಾರಕ್ಕೆ ಬರುತ್ತಿದ್ದುದು ಅಕ್ಕಿ, ಬೆಲ್ಲ, ಬಾಳೆಗೊನೆ, ಕುಂಬಳಕಾಯಿ ಇಂಥವು ಮಾತ್ರ, ಬೇಯಿಸಿದ್ದೇನೂ ಬರುತ್ತಿರಲಿಲ್ಲ. ಕಾಲೋನಿಯ ಹೆಂಗಸರು ಹಬ್ಬದ ಮರುದಿನ ಹಿತ್ತಲ ಬಾಗಿಲಿಗೆ ಬಂದು, ದೂರದಲ್ಲೇ ನಿಂತು, ತಾವು ತಂದ ಪಾತ್ರೆಯಲ್ಲಿ ಉಳಿದದ್ದನ್ನು ಹಾಕಿಸಿಕೊಂಡು ಹೋಗುತ್ತಿದ್ದರು. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು 1948ರಲ್ಲಿ ಮೈಸೂರಿನ ಸಮೀಪದ ಹಳ್ಳಿಯೊಂದರಲ್ಲಿ ನೆಲೆಸಿ ಅಧ್ಯಯನ ಮಾಡಿದಾಗ, ಯಾರು ಬೇಯಿಸಿದ್ದನ್ನು ಯಾರು ಉಣ್ಣುತ್ತಾರೆ, ಯಾರ ಕೈಯ ನೀರನ್ನು ಯಾರು ಮುಟ್ಟುವುದಿಲ್ಲ ಎಂಬುದರ ಮೇಲೆ ಜಾತಿಗಳ ಮೇಲುಕೀಳು ನಿಂತಿರುವುದನ್ನು ವಿವರವಾಗಿ ದಾಖಲಿಸಿದರು. ಅದಾಗಿ ನಾಲ್ಕು ದಶಕ ಕಳೆದಿದ್ದರೂ ನಮ್ಮ ಊರಿನ ಲೆಕ್ಕಾಚಾರ ಬಹುಮಟ್ಟಿಗೆ ಹಾಗೆಯೇ ಇತ್ತು. ಆ ಲೆಕ್ಕವನ್ನು ಮೊದಲ ಬಾರಿಗೆ ಗೊಂದಲಕ್ಕೆ ಕೆಡವಿದ್ದು ರಾಜಸ್ಥಾನದಿಂದ ಬಂದ ಒಬ್ಬ ಮಿಠಾಯಿ ವ್ಯಾಪಾರಿಯ ಅಂಗಡಿ.

ಅಂಗಡಿ ಬಂದ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹೊರಗಿನವರನ್ನು ಒಳಗೆ ಕರೆತಂದವರು ಊರಿನ ಅತ್ಯಂತ ಮಡಿವಂತ ಬೀದಿಯವರೇ. ದೇವರಾಜ ಅರಸರ ಸರ್ಕಾರ ತಂದ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಮೇಲೆ ಗೇಣಿಗೆ ಕೊಟ್ಟಿದ್ದ ಗದ್ದೆಗಳೆಲ್ಲ ಉಳುತ್ತಿದ್ದವರ ಹೆಸರಿಗಾದವು. ಅದು ನ್ಯಾಯವಾದ ಕೆಲಸವೆಂದೇ ನಾನು ನಂಬಿದ್ದೇನೆ. ನಮ್ಮ ಮನೆಯಲ್ಲಿ ಹಾಗೆ ನಂಬಿದವರು ಕಡಿಮೆ. ಭತ್ತ ಬರುವುದು ನಿಂತಿತು, ಗಂಡುಮಕ್ಕಳು ಬ್ಯಾಂಕು, ಎಲ್‌ಐಸಿ, ಕಾರ್ಖಾನೆ ಎಂದು ಬೆಂಗಳೂರಿನ ದಾರಿ ಹಿಡಿದರು, ಉದ್ದುದ್ದ ಮನೆಗಳಲ್ಲಿ ಇಬ್ಬರು ಮೂವರು ಮುದುಕರು ಉಳಿದರು. ಅಗ್ರಹಾರವೂ ಸಂತೆಬೀದಿಯೂ ಸೇರುವ ಮೂಲೆಯಲ್ಲಿದ್ದ ನಮ್ಮ ದೊಡ್ಡಪ್ಪನ ಮನೆಯ ಮುಂಭಾಗವನ್ನು ಬಾಡಿಗೆಗೆ ಕೊಡದೆ ಬೇರೆ ದಾರಿಯಿರಲಿಲ್ಲ. ಅದನ್ನು ಕೇಳಿಕೊಂಡು ಊರಿನವರೇ ಹಲವರು ಬಂದಿದ್ದರು: ಗೊಬ್ಬರದ ಅಂಗಡಿ ಇಡುತ್ತೇನೆಂದ ಗೌಡರ ಮಗ, ಹೊಲಿಗೆ ಯಂತ್ರ ಇಡುತ್ತೇನೆಂದ ಸಾಬರು, ಸೈಕಲ್ ಶಾಪಿನವನು. ದೊಡ್ಡಪ್ಪ ಒಬ್ಬೊಬ್ಬರಿಗೂ ಒಂದೊಂದು ನೆಪ ಹೇಳಿ ಕಳಿಸಿದರು. ಕೊನೆಗೆ, ಮಂಡ್ಯದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಬಂಧುವೊಬ್ಬರ ಜೊತೆ ಜಾಲೋರಿನ ಕಡೆಯ ಈ ಸೇಠು ಬಂದಾಗ ಕೇಳಿದ್ದು ಎರಡೇ ಪ್ರಶ್ನೆ. ಮಾಂಸ ಮೊಟ್ಟೆ ಮುಟ್ಟುತ್ತೀರಾ? ಇಲ್ಲ. ಮನೆಯಲ್ಲಿ ದೇವರ ಪೂಜೆ ಉಂಟೋ? ಉಂಟು. ಮುಂಗಡ ಅಲ್ಲೇ ಕೈಬದಲಾಯಿತು. ಸಾವಿರ ಮೈಲಿಯಾಚೆಯಿಂದ ಬಂದ, ಭಾಷೆ ತಿಳಿಯದ ಮನುಷ್ಯನಿಗೆ ಸಿಕ್ಕ ಮನೆ, ತಲೆಮಾರುಗಳಿಂದ ಗೊತ್ತಿದ್ದವರಿಗೆ ಸಿಗಲಿಲ್ಲ. ನಾನು ಆಗ ಹೈಸ್ಕೂಲಿನಲ್ಲಿದ್ದೆ; ಇದರಲ್ಲಿ ವಿಚಿತ್ರವೇನೂ ಕಂಡಿರಲಿಲ್ಲ.

ಅಂಗಡಿ ತೆರೆದ ಮೊದಲ ವಾರ ಜನ ಎದುರಿನ ಕಟ್ಟೆಯಲ್ಲಿ ಕೂತು ನೋಡಿದರು. ಗಾಜಿನ ಶೋಕೇಸು, ಅದರೊಳಗೆ ಟ್ಯೂಬ್‌ಲೈಟು, ತಟ್ಟೆಗಳಲ್ಲಿ ಹಳದಿ, ಬಿಳಿ, ಕೇಸರಿ ಬಣ್ಣದ ಸಾಲುಗಳು. ಸಂಜೆ ನಾಲ್ಕಕ್ಕೆ ಅಂಗಡಿಯ ಮುಂದೆಯೇ ಒಲೆ ಹಚ್ಚಿ, ಹಿಂದಿನ ರಾತ್ರಿ ಹುದುಗಲು ಇಟ್ಟಿದ್ದ ಮೈದಾಹಿಟ್ಟನ್ನು ತೂತಿನ ಬಟ್ಟೆಯಲ್ಲಿ ತುಂಬಿ, ಅಗಲವಾದ ಬಾಣಲೆಗೆ ಸುತ್ತುಸುತ್ತಾಗಿ ಬಿಟ್ಟು, ಕೆಂಪಗೆ ಬೇಯುತ್ತಲೇ ಎತ್ತಿ ಸಕ್ಕರೆ ಪಾಕಕ್ಕೆ ಅದ್ದುವ ಜಿಲೇಬಿಯ ಕೆಲಸವನ್ನು ಶಾಲೆ ಬಿಟ್ಟ ಮಕ್ಕಳೆಲ್ಲ ಬಾಯಿ ತೆರೆದು ನೋಡುತ್ತಿದ್ದೆವು. ನೋಡಲು ಅಡ್ಡಿಯಿರಲಿಲ್ಲ. ಕೊಂಡು ತಿನ್ನುವುದು ಬೇರೆ ವಿಷಯ.

ಮೊದಲ ಆಕ್ಷೇಪ ಬಂದದ್ದು ರಸಗುಲ್ಲದ ಮೇಲೆ. ಹಾಲು ಒಡೆಯುವುದು ನಮ್ಮಲ್ಲಿ ಅಪಶಕುನ. ಗೃಹಪ್ರವೇಶದ ದಿನ ಹಾಲುಕ್ಕಿಸುವಾಗ ಒಡೆದುಬಿಟ್ಟರೆ ಮನೆಯೊಡತಿಯ ಮುಖವೇ ಬಿಳುಪೇರುತ್ತದೆ. ಹೀಗಿರುವಾಗ ಒಳ್ಳೆಯ ಹಾಲಿಗೆ ಬೇಕೆಂದೇ ಹುಳಿ ಹಿಂಡಿ ಒಡೆಸಿ, ಅದನ್ನು ಉಂಡೆ ಕಟ್ಟಿ ಮಾರುತ್ತಾರೆಂದು ತಿಳಿದಾಗ ಅಗ್ರಹಾರದ ಹಿರಿಯರು ಸಂಕಟಪಟ್ಟರು. ಈ ಸಿಹಿ ಸೇಠು ಅವರ ನಾಡಿನದೂ ಅಲ್ಲ. ಕೊಲ್ಕತ್ತದ ನೊಬಿನ್ ಚಂದ್ರ ದಾಸ್ 1868ರಲ್ಲಿ ಅದಕ್ಕೆ ಈಗಿನ ರೂಪ ಕೊಟ್ಟರೆಂದು ಬಂಗಾಳದವರು ಹೇಳುತ್ತಾರೆ. ಆ ಮನೆತನದ ಕೆ.ಸಿ. ದಾಸ್ ಅಂಗಡಿ 1972ರಲ್ಲಿ ಬೆಂಗಳೂರಿಗೂ ಬಂತು. ಒಡಿಶಾದವರು ಇದನ್ನು ಒಪ್ಪುವುದಿಲ್ಲ, ಅದು ತಮ್ಮದೇ ಎನ್ನುತ್ತಾರೆ, ಮತ್ತು ಪುರಿಯಲ್ಲಿ ರಥಯಾತ್ರೆ ಮುಗಿದು ಜಗನ್ನಾಥ ಗುಡಿಗೆ ಮರಳುವ ದಿನ ಮುನಿದ ಲಕ್ಷ್ಮಿಗೆ ಅರ್ಪಿಸುವುದು ರಸಗುಲ್ಲವನ್ನೇ. ಅಲ್ಲಿ ಸಾಕ್ಷಾತ್ ಲಕ್ಷ್ಮಿಗೆ ಸಲ್ಲುವುದು ಇಲ್ಲಿ ಲಕ್ಷ್ಮಿಗೆ ಅಪಚಾರವಾಗಿತ್ತು. ಆಚಾರವೆನ್ನುವುದು ಎಲ್ಲ ಕಡೆಯೂ ಒಂದೇ ಎಂದು ತಿಳಿದಿದ್ದ ನನಗೆ, ಹಾಗಲ್ಲವೆಂದು ಮೊದಲು ಕಲಿಸಿದ್ದು ಆ ಬಿಳಿಯ ಉಂಡೆ.

ಎರಡನೆಯ ತಕರಾರು ಬರ್ಫಿಯ ಮೇಲಿನ ಬೆಳ್ಳಿ ರೇಕಿನದು. ಹಳೆಯ ಪದ್ಧತಿಯಲ್ಲಿ ಬೆಳ್ಳಿಯ ತುಣುಕನ್ನು ದನದ ಕರುಳಿನಿಂದ ಮಾಡಿದ ಪದರಗಳ ನಡುವೆ ಇಟ್ಟು ಸುತ್ತಿಗೆಯಿಂದ ಬಡಿದು ರೇಕು ಮಾಡುತ್ತಿದ್ದರು. ಬೆಂಗಳೂರಿನಲ್ಲಿ ಯಾರೋ ಹೇಳಿದ್ದನ್ನು ಕೇಳಿಕೊಂಡು ಬಂದ ಶಾನುಭೋಗರ ಮಗ ಇದನ್ನು ಬೀದಿಯೆಲ್ಲ ಸಾರಿದ. ಈ ಮಾತು ಸುಳ್ಳೂ ಆಗಿರಲಿಲ್ಲ. ಸೇಠು ವಾದಿಸಲಿಲ್ಲ, ಮರುವಾರದಿಂದ ಬರ್ಫಿಯ ಮೇಲೆ ರೇಕಿನ ಬದಲು ಹೆಚ್ಚಿದ ಪಿಸ್ತಾ ಬಂತು, ಇಂದಿಗೂ ಆ ಅಂಗಡಿಯಲ್ಲಿ ಬೆಳ್ಳಿ ರೇಕು ಇಲ್ಲ. ವ್ಯಾಪಾರಿಯ ಜಾಣತನವೆಂದು ಇದನ್ನು ಕೆಲವರು ಹೇಳಿದರು. ನನಗೆ ಅದರಲ್ಲಿ ಗೌರವ ಕಾಣುತ್ತದೆ, ಏಕೆಂದರೆ ಅವರಿಗೂ ಅದು ಅಷ್ಟೇ ಹೇಸಿಗೆಯ ವಿಷಯವಾಗಿತ್ತೆಂದು ಮುಂದೆ ಅವರೇ ಹೇಳಿದ್ದನ್ನು ಕೇಳಿದ್ದೇನೆ.

ಅಗ್ರಹಾರದ ಬಾಗಿಲು ತೆರೆದದ್ದು ಮಾತ್ರ ನಮ್ಮ ಅಜ್ಜಿಯಿಂದ. ಅಜ್ಜಿ ಮಡಿ ಹೆಂಗಸು, ತಾನು ಬೇಯಿಸಿದ್ದನ್ನಲ್ಲದೆ ಬೇರೆಯವರ ಮನೆಯಲ್ಲಿ ನೀರನ್ನೂ ಮುಟ್ಟದವರು. ನೀರಿನಲ್ಲಿ ಬೆಂದ ಧಾನ್ಯವೆಲ್ಲ ಮುಸುರೆ, ಅದು ಏಕಾದಶಿಗೆ ಕೂಡದು, ಪರರ ಕೈಯಿಂದಲಂತೂ ಕೂಡವೇ ಕೂಡದು. ಹಾಲು, ಹಣ್ಣು, ತುಪ್ಪದಲ್ಲಿ ಆದದ್ದು ಅಷ್ಟು ಕಟ್ಟುನಿಟ್ಟಿಗೆ ಒಳಪಡುವುದಿಲ್ಲ ಎಂಬ ಶಾಸ್ತ್ರದ ಸೂಕ್ಷ್ಮಗಳೆಲ್ಲ ಅವರ ನಾಲಗೆಯ ತುದಿಯಲ್ಲಿದ್ದವು. ಒಂದು ಏಕಾದಶಿಯ ಸಂಜೆ ದೊಡ್ಡಪ್ಪನ ಮನೆಯ ಒಳಜಗಲಿಯಲ್ಲಿ ನಿಂತು, ಅಂಗಡಿಗೂ ಮನೆಗೂ ನಡುವಿನ ಕಿಟಕಿಯಿಂದ ಅವರು ಸೇಠು ಅವರನ್ನು ವಿಚಾರಿಸಿದರು.

"ಪೇಡಾಕ್ಕೆ ಏನೇನು ಹಾಕ್ತೀಯಪ್ಪಾ?"

"ಹಾಲು, ಸಕ್ಕರೆ, ಏಲಕ್ಕಿ. ಅಷ್ಟೇ ಅಮ್ಮಾ."

"ಹಿಟ್ಟು ಗಿಟ್ಟು?"

"ಇಲ್ಲಮ್ಮಾ."

"ನೀರು?"

"ನೀರು ಹಾಕಿದ್ರೆ ಪೇಡಾ ಆಗಲ್ಲಮ್ಮಾ. ಇರೋ ನೀರೆಲ್ಲ ಹೋಗಬೇಕು."

ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿದರು. ಬಳಿಕ ತಾವೇ ತೊಳೆದ ಬೆಳ್ಳಿಯ ಬಟ್ಟಲನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹಿಂದೆ ಸರಿದರು, ಅದರಲ್ಲಿ ಬಿದ್ದ ಎರಡು ಪೇಡಾಗಳನ್ನು ದೇವರ ಮುಂದೆ ಇಡದೆ, ಯಾರಿಗೂ ಹಂಚದೆ, ತುಳಸಿಕಟ್ಟೆಯ ಬಳಿ ಕೂತು ನಿಧಾನವಾಗಿ ತಿಂದರು. ಗಂಡ ತೀರಿದಂದಿನಿಂದ ಅವರು ಹಬ್ಬದ ಸಿಹಿ ಮಾಡಿ ಬಡಿಸಿದ್ದು ಲೆಕ್ಕವಿಲ್ಲದಷ್ಟು, ತಮಗಾಗಿ ಒಂದು ಸಿಹಿಯನ್ನು ಬೇಡಿ ಪಡೆದದ್ದನ್ನು ನಾನು ನೋಡಿದ್ದು ಆವತ್ತೇ. ಮರುದಿನದಿಂದ ಅಗ್ರಹಾರದ ಉಳಿದ ಮನೆಗಳಿಗೆ ಬೇರೆ ಪ್ರಮಾಣಪತ್ರ ಬೇಕಾಗಲಿಲ್ಲ.

ಆದರೆ ಊರನ್ನು ನಿಜಕ್ಕೂ ಅಲುಗಾಡಿಸಿದ್ದು ಅಗ್ರಹಾರದ ಒಪ್ಪಿಗೆಯಲ್ಲ, ಕೌಂಟರಿನ ಮುಂದೆ ನಿಂತ ಸಾಲು. ಸಂತೆಬೀದಿಯ ಹೋಟೆಲುಗಳಲ್ಲಿ ಆಗಲೂ ಕಾಲೋನಿಯವರಿಗೆ ಲೋಟ ಬೇರೆಯಿತ್ತು. ಗೋಡೆಯ ಗೂಡಿನಲ್ಲಿ ಕವುಚಿಟ್ಟ ಆ ಲೋಟವನ್ನು ಅವರೇ ತೊಳೆದು, ಹೊರಗೆ ನಿಂತು ಕುಡಿದು, ಅವರೇ ತೊಳೆದು ಇಡಬೇಕಿತ್ತು. ಅಂಗಡಿ, ಹೋಟೆಲುಗಳ ಪ್ರವೇಶದಲ್ಲಿ ಭೇದ ಕೂಡದೆಂದು ಸಂವಿಧಾನದ 15ನೇ ವಿಧಿ ಹೇಳುತ್ತದೆ, ಅಸ್ಪೃಶ್ಯತೆಯ ಆಚರಣೆಯನ್ನು ಅಪರಾಧವೆಂದು ಸಾರಿದ ಕಾನೂನು 1955ರಲ್ಲೇ ಬಂದಿದೆ. ನಮ್ಮ ಊರಿನ ಲೋಟಕ್ಕೆ ಇದಾವುದೂ ತಾಗಿರಲಿಲ್ಲ. ಮಿಠಾಯಿ ಅಂಗಡಿಯಲ್ಲಿ ಲೋಟವಿರಲಿಲ್ಲ, ಎಲೆಯಿರಲಿಲ್ಲ, ಕೂರುವ ಬೆಂಚೂ ಇರಲಿಲ್ಲ. ಒಂದು ತಕ್ಕಡಿ, ಒಂದು ದರದ ಹಲಗೆ, ಒಂದೇ ಬಗೆಯ ಕಾಗದದ ಡಬ್ಬಿ. ದುಡ್ಡು ಕೊಟ್ಟವರಿಗೆಲ್ಲ ಅದೇ ತಟ್ಟೆಯಿಂದ ತೆಗೆದು, ಅದೇ ತಕ್ಕಡಿಯಲ್ಲಿ ತೂಗಿ, ಅದೇ ರಬ್ಬರ್ ಬ್ಯಾಂಡ್ ಹಾಕಿ ಕೊಡುತ್ತಿದ್ದರು. ಭೇದ ಮಾಡಬಾರದೆಂಬ ಆದರ್ಶ ಸೇಠು ಅವರಿಗೆ ಇತ್ತೆಂದು ನಾನು ಹೇಳಲಾರೆ. ಭೇದ ಮಾಡಬೇಕಾದರೆ ಬಂದವರು ಯಾರೆಂದು ಗೊತ್ತಿರಬೇಕು, ಅವರಿಗೆ ಗೊತ್ತಿರಲಿಲ್ಲ. ಅವರು ಕಲಿತ ಕನ್ನಡವೂ ಗಿರಾಕಿಗಳ ಜೊತೆಗಿನ ಕನ್ನಡ, ಅದರಲ್ಲಿ "ಬನ್ನಿ ಅಣ್ಣ", "ಹೇಳಿ ಅಮ್ಮಾ" ಇತ್ತೇ ಹೊರತು "ಬಾರೋ", "ಹೋಗೇ" ಇರಲೇ ಇಲ್ಲ. ಊರಿನ ಯಾವ ಅಂಗಡಿಯಲ್ಲೂ ಬಹುವಚನ ಕೇಳಿರದ ಕಾಲೋನಿಯ ವಯಸ್ಸಾದ ಗಂಡಸರು, ತಮ್ಮನ್ನೇ ಕರೆದರೋ ಎಂದು ಹಿಂದಿರುಗಿ ನೋಡಿದ್ದನ್ನು ಕಂಡವರಿದ್ದಾರೆ.

ಹಾಗೆಯೇ ಸೇಠು ಯಾರೆಂದು ಊರಿಗೂ ಗೊತ್ತಿರಲಿಲ್ಲ. ಯಾವ ಜನವೆಂದು ಕೇಳಿದವರಿಗೆ ಅವರು ಹೇಳಿದ ಹೆಸರನ್ನು ನಮ್ಮ ಊರಿನ ಶ್ರೇಣಿಯಲ್ಲಿ ಎಲ್ಲಿ ಕೂರಿಸಬೇಕೆಂದು ಯಾರಿಗೂ ತಿಳಿಯಲಿಲ್ಲ. ಇಡೀ ವಿಷಯದ ಮರ್ಮ ಇಲ್ಲಿದೆಯೆಂದು ನನಗೆ ಈಗ ಅನಿಸುತ್ತದೆ. ಇದೇ ಅಂಗಡಿಯನ್ನು ಊರಿನ ಒಕ್ಕಲಿಗರೊಬ್ಬರು ಇಟ್ಟಿದ್ದರೆ ಅಗ್ರಹಾರದವರು ಮುಸುರೆಯ ಲೆಕ್ಕ ತೆಗೆಯುತ್ತಿದ್ದರು. ಅಗ್ರಹಾರದವರು ಇಟ್ಟಿದ್ದರೆ ಕಾಲೋನಿಯವರು ಮೆಟ್ಟಿಲು ಹತ್ತುತ್ತಿರಲಿಲ್ಲ. ಕಾಲೋನಿಯವರು ಇಡುವ ಮಾತೇ ಇರಲಿಲ್ಲ. ಮೈಸೂರಿನ ಹಳೆಯ ಹೋಟೆಲುಗಳು "ಬ್ರಾಹ್ಮಣರ ಫಲಾಹಾರ ಮಂದಿರ" ಎಂಬ ಫಲಕ ಹಾಕಿಕೊಂಡದ್ದೂ ಒಳಗೆ ಬರುವವರಿಗೆ ಬೇಯಿಸಿದವರ ಜಾತಿಯ ಭರವಸೆ ಕೊಡುವುದಕ್ಕೇ. ಇಲ್ಲಿ ಆ ಭರವಸೆ ಇರಲಿಲ್ಲ, ಅದರ ಭಯವೂ ಇರಲಿಲ್ಲ. ಲೆಕ್ಕಕ್ಕೇ ಸಿಗದ ಮನುಷ್ಯನ ಕೈಯಿಂದ ಎಲ್ಲರೂ ತೆಗೆದುಕೊಂಡರು.

ಹೆಂಗಸರ ವಿಷಯದಲ್ಲಿ ಆದ ಬದಲಾವಣೆ ಹಾಲಿನ ಮೂಲಕ ಬಂತು, ಅದು ಯಾರೂ ಎಣಿಸಿರದ ದಾರಿ. ಐದು ಲೀಟರ್ ಹಸುವಿನ ಹಾಲನ್ನು ಇಂಗಿಸಿದರೆ ಹೆಚ್ಚುಕಡಿಮೆ ಒಂದು ಕಿಲೋ ಖೋವಾ ಸಿಗುತ್ತದೆ. ಎಮ್ಮೆಯ ಹಾಲಿನಲ್ಲಿ ಅದಕ್ಕಿಂತ ಹೆಚ್ಚು ಇಳುವರಿ ಬರುತ್ತದೆ, ಬಣ್ಣವೂ ಬಿಳಿ, ಪೇಡಾಕ್ಕೆ ಬೇಕಾದ ಮರಳು ಮರಳಾದ ಹದವೂ ಅದರಲ್ಲೇ. ಹಾಲು ಒಡೆಸಿ ತೆಗೆಯುವ ರಸಗುಲ್ಲದ ಛೇನಾಕ್ಕೆ ಮಾತ್ರ ಹಸುವಿನ ಹಾಲು ಮೆದು. ಆಗ ನಮ್ಮ ಕಡೆ ಡೇರಿಯ ಉತ್ತೇಜನದಿಂದ ಮಿಶ್ರತಳಿ ಹಸುಗಳು ಹಟ್ಟಿ ತುಂಬುತ್ತಿದ್ದವು, ಎಮ್ಮೆ ಸಾಕುವವರು ಕಡಿಮೆಯಾಗುತ್ತಿದ್ದರು. ಸೇಠು ಎಮ್ಮೆ ಹಾಲು ಹುಡುಕಿಕೊಂಡು ಒಕ್ಕಲಗೇರಿಯ, ಕಾಲೋನಿಯ ಮನೆಮನೆಗೆ ಹೋದರು. ಡೇರಿಯ ಸದಸ್ಯತ್ವ ನಮ್ಮ ಊರಿನಲ್ಲಿ ಬಹುಪಾಲು ಗಂಡಸರ ಹೆಸರಿನಲ್ಲಿತ್ತು, ಬಟವಾಡೆಯೂ ಅವರ ಕೈಗೇ ಹೋಗುತ್ತಿತ್ತು. ಸೇಠು ಹಾಲು ತಂದವರ ಕೈಗೇ ಅಂದಂದಿನ ದುಡ್ಡು ಕೊಟ್ಟರು, ಮತ್ತು ಹಾಲು ತಂದವರು ಹೆಂಗಸರು. ಕರೆದವಳ ಕೈಗೆ ಸಂಜೆಗೆ ಚಿಲ್ಲರೆ ಬಂತು. ಆ ಚಿಲ್ಲರೆಯಲ್ಲಿ ಒಂದಿಷ್ಟು ಮನೆ ಸೇರುವ ಮೊದಲೇ ಮಕ್ಕಳಿಗೆ ನೂರು ಗ್ರಾಂ ಬೂಂದಿಕಾಳಾಗಿ ಬದಲಾಗುತ್ತಿತ್ತು. ಹಬ್ಬವಲ್ಲದ ಬುಧವಾರ, ಯಾವ ಕಾರಣವೂ ಇಲ್ಲದೆ, ಒಬ್ಬ ತಾಯಿ ತನ್ನ ದುಡಿಮೆಯ ದುಡ್ಡಿನಲ್ಲಿ ಮಗುವಿಗೆ ಸಿಹಿ ಕೊಡಿಸುವುದು ನಮ್ಮ ಊರಿಗೆ ಹೊಸದಾಗಿತ್ತು. ಇದರಿಂದ ಜಗಳಗಳೂ ಆದವು. ಡೇರಿಗೆ ಹಾಲು ಕಡಿಮೆಯಾಯಿತೆಂದು ಗಂಡಸರು ಪಂಚಾಯ್ತಿ ಕಟ್ಟೆಯಲ್ಲಿ ಕೂಗಾಡಿದರು. "ಸಂತೆಬೀದೀಲಿ ನಿಂತ್ಕೊಂಡು ತಿಂತಾಳೆ" ಎಂಬ ಮಾತು ಹಲವು ಹೆಂಗಸರ ಬೆನ್ನ ಹಿಂದೆ ಬಂತು. ಅವರು ತಿನ್ನುವುದನ್ನು ಬಿಡಲಿಲ್ಲ.

ಸೇಠು ಅವರ ಮನೆಯೊಳಗೂ ಎಲ್ಲ ಸಡಿಲವಾಗಿತ್ತೆಂದು ತಿಳಿಯಬಾರದು. ಅವರ ಹೆಂಡತಿ ಮೊದಲ ವರ್ಷಗಳಲ್ಲಿ ಮುಸುಕು ಹಾಕಿಕೊಂಡು ಒಳಗೇ ಇದ್ದವರು, ಗಿರಾಕಿಯ ಕಣ್ಣಿಗೆ ಬಿದ್ದವರಲ್ಲ. ಹಾಲಿನ ಲೆಕ್ಕಕ್ಕೆ ಬರುವ ಹೆಂಗಸರ ಜೊತೆ ಮಾತಿಗೆ ಯಾರಾದರೂ ಬೇಕಲ್ಲವೇ ಎಂಬ ಕಾರಣಕ್ಕೆ ಅವರು ಹಿಂಬಾಗಿಲಿಗೆ ಬಂದರು, ಅಲ್ಲಿಂದ ಎಷ್ಟೋ ವರ್ಷಗಳ ಮೇಲೆ ಕೌಂಟರಿಗೆ ಬಂದರು. ಕಜ್ಜಾಯ ಕಲಿತದ್ದೂ ಅವರೇ.

ಕಜ್ಜಾಯದ ವಿಷಯ ಬಂದಿತಾದ್ದರಿಂದ ಹೇಳುತ್ತೇನೆ. ಅಂಗಡಿ ಬಂದ ಮೇಲೆ ಮನೆಯ ಸಿಹಿಗಳು ಹಾಳಾದವೆಂದು ನಮ್ಮ ಊರಿನ ಗಂಡಸರು, ಅದರಲ್ಲೂ ಬೆಂಗಳೂರಿನಲ್ಲಿ ನೆಲೆಸಿದ ಗಂಡಸರು, ಬಹಳ ಕೊರಗುತ್ತಾರೆ. ಕಜ್ಜಾಯಕ್ಕೆ ಅಕ್ಕಿ ನೆನೆಹಾಕಿ, ನೆರಳಿನಲ್ಲಿ ಆರಹಾಕಿ, ತೇವವಿರುವಾಗಲೇ ಕುಟ್ಟಿ, ಜರಡಿ ಹಿಡಿದು, ಬೆಲ್ಲದ ಪಾಕ ಸರಿಯಾದ ಎಳೆಗೆ ಬಂದ ಗಳಿಗೆಯಲ್ಲಿ ಹಿಟ್ಟು ಸುರಿದು ತಿರುವಬೇಕು. ಆ ಹಿಟ್ಟನ್ನು ಕೆಲವು ದಿನ ಇಟ್ಟು, ಬಾಳೆಯೆಲೆಯ ಮೇಲೆ ತಟ್ಟಿ, ಎಣ್ಣೆಯಲ್ಲಿ ಬಿಟ್ಟು, ಎರಡು ಜಾಲರಿಯ ನಡುವೆ ಒತ್ತಿ ಎಣ್ಣೆ ತೆಗೆಯಬೇಕು. ಪಾಕ ಒಂದಿಷ್ಟು ಏರಿದರೆ ಕಲ್ಲು, ಇಳಿದರೆ ಬಾಣಲೆಯಲ್ಲೇ ಚೂರುಚೂರು. ಇದೆಲ್ಲವನ್ನೂ ಹಬ್ಬದ ಉಳಿದ ಕೆಲಸಗಳ ನಡುವೆ, ಉಪವಾಸವಿದ್ದು, ಹೊಗೆಯಲ್ಲಿ ಮಾಡುತ್ತಿದ್ದವರು ಯಾರೂ ಅಂಗಡಿಯನ್ನು ದೂರಿದ್ದನ್ನು ನಾನು ಕೇಳಿಲ್ಲ. ರುಚಿ ಹೋಯಿತೆಂಬ ದುಃಖ ನನಗೂ ಇದೆ, ನಮ್ಮ ಅಜ್ಜಿಯ ಕಜ್ಜಾಯ ನನ್ನ ಕೈಗೆ ಬರಲಿಲ್ಲ. ಆದರೆ ಆ ರುಚಿಯ ಬೆಲೆಯನ್ನು ತೆರುತ್ತಿದ್ದವರು ಒಂದೇ ಕಡೆಯವರಾಗಿದ್ದರು. ಈಗ ದೀಪಾವಳಿಯ ಹಿಂದುಮುಂದಿನ ದಿನಗಳಲ್ಲಿ ಅಂಗಡಿಯ ಹಿಂಭಾಗದಲ್ಲಿ ಒಕ್ಕಲಗೇರಿಯ ಮೂವರು ಹೆಂಗಸರು ಕೂಲಿಗೆ ಕೂತು ಕಜ್ಜಾಯ ತಟ್ಟುತ್ತಾರೆ. ಮಾರವಾಡದ ಸೊಸೆಗೆ ಅದನ್ನು ಕಲಿಸಿದವರೂ ಅವರೇ. ಅರಮನೆಯ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪನವರ ಕೈಯಲ್ಲಿ ಹುಟ್ಟಿತೆನ್ನುವ ಮೈಸೂರುಪಾಕು ನಮ್ಮ ಊರಿಗೆ ಮೊದಲು ಬಂದದ್ದೂ ಜಾಲೋರಿನವರ ತಟ್ಟೆಯಲ್ಲೇ.

ಎಲ್ಲಕ್ಕಿಂತ ದೊಡ್ಡ ಗದ್ದಲವಾದದ್ದು ಅಂಗಡಿ ಬಂದು ಕೆಲವು ವರ್ಷಗಳಾದ ಮೇಲೆ. ಸೇಠು ಅವರಿಗೆ ಕನ್ನಡ ಬರೆಯಲು ಬರುತ್ತಿರಲಿಲ್ಲ. ಮದುವೆ, ಆರತಕ್ಷತೆಯ ಆರ್ಡರುಗಳು ಬರತೊಡಗಿದಾಗ ಬರೆದುಕೊಳ್ಳುವವರು ಬೇಕಾದರು. ಕಾಲೋನಿಯ ಹುಡುಗನೊಬ್ಬ, ಶಾಲೆಯಲ್ಲಿ ನನಗಿಂತ ಚಿಕ್ಕವನು, ಮೊದಲು ಪಾತ್ರೆ ತೊಳೆಯಲು ಬಂದವನು, ಆರ್ಡರು ಬರೆಯಲು ಕೂತ. ಬರೆಯುತ್ತಿದ್ದವನು ಜನ ಹೆಚ್ಚಿದ ದಿನ ಎದ್ದು ತೂಗಿಕೊಟ್ಟ. ಒಂದು ವಾರ ಯಾರೂ ಏನೂ ಅನ್ನಲಿಲ್ಲ. ಬಳಿಕ ಅಗ್ರಹಾರದ ನಾಲ್ವರು ಒಟ್ಟಾಗಿ ಹೋಗಿ, ಹುಡುಗ ಬರೆಯಲಿ, ತೊಳೆಯಲಿ, ತೂಗುವುದು ಬೇಡವೆಂದು ಹೇಳಿದರು. ಸೇಠು ಕೈಮುಗಿದು ನಿಂತೇ ಕೇಳಿದರು, ಕೊನೆಗೆ ಒಂದೇ ಮಾತು ಹೇಳಿದರು: "ಲೆಕ್ಕ ತಪ್ಪಲ್ಲ ಸ್ವಾಮಿ ಆ ಹುಡುಗ." ಮರುದಿನವೂ ಹುಡುಗನೇ ತೂಗಿದ. ಅಗ್ರಹಾರದಿಂದ ಬರುವವರು ನಿಂತುಹೋದರು, ದೇವಸ್ಥಾನದ ಉತ್ಸವಕ್ಕೆ ಕೊಡುತ್ತಿದ್ದ ಬೂಂದಿಯ ಆರ್ಡರು ತಪ್ಪಿತು, ದೊಡ್ಡಪ್ಪ ಬಾಡಿಗೆ ಕರಾರನ್ನು ಮುರಿಯುವ ಮಾತನ್ನೂ ಆಡಿದರು. ಮುರಿಯಲಿಲ್ಲ, ಏಕೆಂದರೆ ಮನೆ ನಡೆಯುತ್ತಿದ್ದುದು ಆ ಬಾಡಿಗೆಯಿಂದ. ಕೆಲವರು ದೀಪಾವಳಿಯ ಹೊತ್ತಿಗೆ ಮಕ್ಕಳ ಕೈಲಿ ದುಡ್ಡು ಕೊಟ್ಟು ಕಳಿಸಿದರು, ಮುಂದೆ ತಾವೇ ಬಂದರು. ಎರಡು ಮನೆಯವರು ಕೊನೆಯವರೆಗೂ ಬರಲಿಲ್ಲ. ಸೇಠು ಯಾಕೆ ಹಾಗೆ ಗಟ್ಟಿಯಾಗಿ ನಿಂತರೆಂದು ನನಗೆ ಪೂರ್ತಿ ತಿಳಿದಿಲ್ಲ. ತಮ್ಮ ಊರಿನಲ್ಲಾಗಿದ್ದರೆ ಅವರೂ ಹಾಗೆ ನಿಲ್ಲುತ್ತಿದ್ದರೋ ಇಲ್ಲವೋ. ಇಲ್ಲಿ ನಿಂತರು, ಅದು ನನಗೆ ಸಾಕು.

ಆ ಹುಡುಗ ಅಲ್ಲಿಯೇ ಖೋವಾ ಇಂಗಿಸುವುದನ್ನು, ಪಾಕದ ಹದವನ್ನು, ಖರೀದಿಯ ವ್ಯವಹಾರವನ್ನು ಕಲಿತು, ಈಗ ಮೈಸೂರಿನ ಹೊರವಲಯದ ಬಡಾವಣೆಯೊಂದರಲ್ಲಿ ಸ್ವಂತ ಮಿಠಾಯಿ ಅಂಗಡಿ ಇಟ್ಟಿದ್ದಾರೆ. ಅವರ ಅಂಗಡಿ ನಾನಿರುವ ಬೀದಿಯಿಂದ ದೂರವಿಲ್ಲ. ತಟ್ಟೆತಟ್ಟೆಯ ಮುಂದೆಯೂ ಎಷ್ಟು ದಿನದೊಳಗೆ ತಿನ್ನಬೇಕೆಂಬ ದಿನಾಂಕದ ಚೀಟಿ ಇರುತ್ತದೆ. 2020ರ ಅಕ್ಟೋಬರ್ 1ರಿಂದ ಬಿಡಿ ಸಿಹಿಗೂ ಅದು ಕಡ್ಡಾಯವಾದಾಗಿನಿಂದ ಅವರು ಒಂದು ದಿನವೂ ತಪ್ಪಿಸಿದಂತೆ ಕಾಣೆ. ಫಲಕದ ಮೇಲಿನ ಹೆಸರು ರಾಜಸ್ಥಾನದ ಕಡೆಯದು. ಊರಿನಲ್ಲೇ ಯಾಕೆ ಇಡಲಿಲ್ಲವೆಂದು ಒಮ್ಮೆ ಕೇಳಿದೆ. "ಊರಲ್ಲಿ ನಾನು ಯಾರ ಮಗ ಅಂತ ಎಲ್ಲರಿಗೂ ಗೊತ್ತಲ್ಲ ಅಕ್ಕ, ಇಲ್ಲಿ ಯಾರೂ ಕೇಳಲ್ಲ" ಎಂದರು, ಬೇಸರದ ದನಿಯಿಲ್ಲದೆ, ಅಂಗಡಿಯ ಬಾಡಿಗೆ ಎಷ್ಟೆಂದು ಹೇಳುವಂತೆ.

ಊರಿನ ಅಂಗಡಿಯನ್ನು ಸೇಠು ಈ ವರ್ಷ ಬಿಡುತ್ತಿದ್ದಾರೆ. ವಯಸ್ಸಾಗಿದೆ, ಮಕ್ಕಳು ಬೆಂಗಳೂರಿನಲ್ಲಿ ಬೇರೆ ವ್ಯವಹಾರ ಹಿಡಿದಿದ್ದಾರೆ. ಅಂಗಡಿಯ ಸಾಮಾನು, ಒಲೆ, ಗಿರಾಕಿಗಳ ಪುಸ್ತಕ ಎಲ್ಲವನ್ನೂ ಮೈಸೂರಿನಲ್ಲಿರುವ ತಮ್ಮ ಹಳೆಯ ಹುಡುಗನಿಗೇ ವಹಿಸಬೇಕೆಂದು ಅವರಿಗೆ ಆಸೆಯಿದೆ, ಅವರು ತೆಗೆದುಕೊಳ್ಳಲು ಸಿದ್ಧರೂ ಇದ್ದಾರೆ. ಮನೆ ಮಾತ್ರ ದೊಡ್ಡಪ್ಪನ ಮಗನದು. ಅಣ್ಣ ಫೋನಿನಲ್ಲಿ "ನಂದೇನಿಲ್ಲ, ಅಮ್ಮನ್ನ ಕೇಳು" ಎಂದ. ದೊಡ್ಡಮ್ಮನಿಗೆ ಎಂಬತ್ತು ದಾಟಿದೆ, ಅವರು ಆ ಕೈ ತೂಗಿದ ಪೇಡಾವನ್ನು ವರ್ಷಗಟ್ಟಲೆ ತಿಂದವರು. ಕೇಳಿದಾಗ "ಅಂಗಡಿ ಬೇರೆ, ಮನೆ ಕರಾರು ಬೇರೆ ಕಣೇ" ಎಂದರು. ಸೇಠು ಅವರಿಗೆ ಅಂದು ಹಾಕಿದ್ದು ಎರಡೇ ಪ್ರಶ್ನೆಯಲ್ಲವೇ, ಅವನ್ನೇ ಇವರಿಗೂ ಹಾಕಿ ನೋಡಿ ಎಂದೆ, ಹಾಗೆ ಹೇಳುವಾಗ ಆ ಪ್ರಶ್ನೆಗಳೂ ನ್ಯಾಯದವಲ್ಲವೆಂದು ತಿಳಿದೇ ಹೇಳಿದೆ. ದೊಡ್ಡಮ್ಮ ಉತ್ತರ ಕೊಟ್ಟಿಲ್ಲ. ಕರಾರು ದೀಪಾವಳಿಗೆ ಮುಗಿಯುತ್ತದೆ. ಅದಕ್ಕೂ ಮೊದಲು ಅಣ್ಣನನ್ನೂ ಕರೆದುಕೊಂಡು ಊರಿಗೆ ಹೋಗಿ, ಹೊಸ ಕರಾರಿನ ಕಾಗದವನ್ನು ಅವರ ಮುಂದಿಟ್ಟು ಮತ್ತೆ ಕೇಳುವವಳಿದ್ದೇನೆ.